ದೀಪ ಆರಿತ್ತು, ವಾಲ್ವು ಮುಚ್ಚಿರಲಿಲ್ಲ

ಬಾಯ್ಲರಿನ ಬಳಿ ದುಡಿಯುವ ಗಿರಣಿ ಬಂಧುಗಳಿಗೆ ಗೊತ್ತು: ಒತ್ತಡ ಏರಿದಾಗ ಸೇಫ್ಟಿ ವಾಲ್ವು ತೆರೆದು ಉಗಿ ಬಿಡಬೇಕು, ಇಳಿದೊಡನೆ ಮುಚ್ಚಿಕೊಳ್ಳಬೇಕು. 1979ರ ಮಾರ್ಚ್ 28ರಂದು ಅಮೆರಿಕದ ಥ್ರೀ ಮೈಲ್ ಐಲೆಂಡ್ ಅಣುವಿದ್ಯುತ್ ಸ್ಥಾವರದಲ್ಲಿ ಅಂಥದೇ ಒಂದು ವಾಲ್ವು ತೆರೆಯಿತು, ಮುಚ್ಚಲಿಲ್ಲ. ರಿಯಾಕ್ಟರನ್ನು ತಂಪಾಗಿಡುವ ನೀರು ಎರಡು ಗಂಟೆಗೂ ಮಿಕ್ಕಿ ಸೋರಿಹೋಯಿತು. ಇಂಧನದ ಅರ್ಧದಷ್ಟು ಕರಗಿತು. ಫಲಕದ ದೀಪವೇನೋ ಆರಿತ್ತು. ವಾಲ್ವು ಮುಚ್ಚಿದೆಯೆಂದೇ ಪಾಳಿಯವರು ನಂಬಿದರು. ಮುಚ್ಚುವ ಆಜ್ಞೆ ಹೋಗಿದೆ ಎಂಬುದಷ್ಟೇ ಆ ದೀಪದ ಅರ್ಥ!

ದೂರು ಬಂದದ್ದು ಪಾಳಿಯವರ ಮೇಲೆ. ಆದರೆ 1977ರಲ್ಲಿಯೇ ಡೇವಿಸ್-ಬೆಸ್ಸಿ ಸ್ಥಾವರದಲ್ಲಿ ಇಂಥದೇ ವಾಲ್ವು ಹೀಗೆಯೇ ತೆರೆದು ನಿಂತಿತ್ತು. ರಿಯಾಕ್ಟರ್ ಕಟ್ಟಿದ ಕಂಪನಿಯ ಎಂಜಿನಿಯರರೇ ಎಚ್ಚರಿಕೆ ಬರೆದಿದ್ದರು. ಅದು ಕೆಲಸಗಾರರಿಗೆ ಮುಟ್ಟಲಿಲ್ಲ. ತಿಳಿಸದವರನ್ನು ಬಿಟ್ಟು ತಿಳಿಯದವರನ್ನು ದೂರುವುದು ಯಾವ ನ್ಯಾಯ? ನಮ್ಮ ಬಾಯ್ಲರ್ ಮನೆಗಳ ವಾಲ್ವು ತಪಾಸಣೆಯ ಪುಸ್ತಕ ಪಾಳಿಯವರ ಕೈಗೂ ಸಿಗಬೇಕೆಂದು ನಾವು ಕೇಳುತ್ತೇವೆ.