ಉಚ್ಚೆ ಹೇಳುವ ಉಸಿರಿನ ಸುದ್ದಿ

ಮಕ್ಕಳೇ, ನಮ್ಮ ಯಲ್ದೂರಿನ ಸುತ್ತ ಮಾವು ಹೂ ಬಿಡುವ ಕಾಲಕ್ಕೆ ನಾಲ್ಕು ವರ್ಷದ ಮೊಮ್ಮಗನಿಗೆ ಉಬ್ಬಸ ಎದ್ದಿತು. ಡಾಕ್ಟರು ದಿನಾ ಎಳೆದುಕೊಳ್ಳಲು ಇನ್‌ಹೇಲರ್ ಕೊಟ್ಟರು. ಎದೆಯ ಸುಂಯ್ ಸದ್ದು ನಿಂತಿತು. "ವಾಸಿಯಾಯ್ತಲ್ಲ, ಇನ್ಯಾಕೆ ಔಷಧಿ?" ಎಂದು ಅದನ್ನು ಬೀರುವಿನಲ್ಲಿಟ್ಟವನು ನಾನೇ. ಮೂರೇ ವಾರ. ಒಂದು ರಾತ್ರಿ ಮಾತಾಡಲೂ ಉಸಿರು ಸಾಲದೆ ಮಗು ಒದ್ದಾಡಿತು. ಆಟೋದಲ್ಲಿ ಶ್ರೀನಿವಾಸಪುರಕ್ಕೆ ಓಡಿದೆವು.

ಸದ್ದು ನಿಂತಿದ್ದರೂ ಶ್ವಾಸನಾಳದ ಒಳಗೋಡೆಯ ಊತ ಇಳಿದಿರಲಿಲ್ಲವಂತೆ. ಕಾಣದ ಊತವನ್ನು ತಿಳಿಯುವುದು ಹೇಗೆ? ದೊಡ್ಡವರು ಯಂತ್ರಕ್ಕೆ ಜೋರಾಗಿ ಊದುತ್ತಾರೆ. ಪುಟ್ಟ ಕೂಸು ಊದೀತೇ? ಅದಕ್ಕೇ ವಿಜ್ಞಾನಿಗಳು ಉಚ್ಚೆಯ ಕಡೆ ತಿರುಗಿದರು. ನಗಬೇಡಿ!

ಊದಿಕೊಂಡ ಶ್ವಾಸನಾಳದಲ್ಲಿ ಲ್ಯೂಕೋಟ್ರೈನ್ ಎಂಬ ವಸ್ತುಗಳು ಹುಟ್ಟಿ ನಾಳವನ್ನು ಬಿಗಿಯುತ್ತವೆ. 1979ರಲ್ಲಿ ಆ ಹೆಸರಿಟ್ಟವರು ಸ್ವೀಡನ್ನಿನ ಬೆಂಗ್ಟ್ ಸ್ಯಾಮುಯೆಲ್ಸನ್ ಮತ್ತು ಸಂಗಡಿಗರು. 1982ರ ನೊಬೆಲ್‌ನಲ್ಲಿ ಸ್ಯಾಮುಯೆಲ್ಸನ್‌ಗೂ ಪಾಲಿತ್ತು. ಈ ವಸ್ತುಗಳು ರಕ್ತಕ್ಕೆ ಸೇರಿ, ರೂಪ ಬದಲಿಸಿ, ಲ್ಯೂಕೋಟ್ರೈನ್ ಇ4 ಆಗಿ ಮೂತ್ರಕ್ಕೆ ಬರುತ್ತವೆ. ಅದು ಹೆಚ್ಚಿದ್ದರೆ ಊತದ ಸುಳಿವು. ಸೂಜಿಯಿಲ್ಲ, ಅಳುವಿಲ್ಲ. ನೀರು ಜಾಸ್ತಿ ಕುಡಿದರೆ ಉಚ್ಚೆ ತೆಳ್ಳಗಾಗುತ್ತದಲ್ಲ? ಆ ಲೆಕ್ಕ ತಪ್ಪದಿರಲು ಅದರಲ್ಲೇ ಇರುವ ಕ್ರಿಯಾಟಿನಿನ್ ಜೊತೆ ತಾಳೆ ನೋಡುತ್ತಾರೆ.

ಅಜ್ಜಿ ತಾತಂದಿರೇ, ಇದು ಇನ್ನೂ ಹೆಚ್ಚಾಗಿ ಸಂಶೋಧನೆಯ ಪರೀಕ್ಷೆ. ಊರಿನ ಲ್ಯಾಬಿನಲ್ಲಿ ಹುಡುಕಬೇಡಿ. ಡಾಕ್ಟರು ಹೇಳುವವರೆಗೆ ಇನ್‌ಹೇಲರ್ ಮಾತ್ರ ನಿಲ್ಲಿಸಬೇಡಿ.

ನಮ್ಮನೆಯದು ಈಗ ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲಿದೆ. "ಎಳೆದ ಮೇಲೆ ಬಾಯಿ ಮುಕ್ಕಳಿಸಿದೆಯೇನೋ?" ಎಂದು ನಾನು ಕೇಳಿದರೆ, "ತಾತ, ಬೀರು ಬೀಗ ಹಾಕಿದೆಯಾ?" ಎನ್ನುತ್ತಾನೆ ಪೋರ.