ಶಿಶುವಿಹಾರದ ಬಾಗಿಲಲ್ಲಿ

ಮೂರು ವರ್ಷ ತುಂಬಿದ ಕೂಸನ್ನು ಯಾವ ಶಿಶುವಿಹಾರಕ್ಕೆ ಕಳುಹಿಸಬೇಕೆಂಬುದು ನಮ್ಮ ಅಜ್ಜಂದಿರಿಗೆ ಪ್ರಶ್ನೆಯೇ ಆಗಿರಲಿಲ್ಲ. ಇಂದು ಭೇರ್ಯದಂತಹ ಊರಿನಲ್ಲಿಯೂ ಅದು ಮನೆಯವರ ನಿದ್ದೆ ಕೆಡಿಸುತ್ತದೆ. ಬೆಳಗ್ಗೆ ಹಾಸನದ ರಸ್ತೆಯ ಬದಿಯಲ್ಲಿ ಶಾಲೆಯ ವ್ಯಾನಿಗಾಗಿ ಕಾದು ನಿಂತ ಪುಟಾಣಿಗಳನ್ನು ನೋಡಬೇಕು. ಕೊರಳಲ್ಲಿ ಟೈ, ಕಣ್ಣಲ್ಲಿ ಇನ್ನೂ ಇಳಿಯದ ನಿದ್ದೆ.

ನಾನೂ ನನ್ನ ಕಿರಿಯ ಮಗಳನ್ನು ಹಾಗೆಯೇ ಕಳುಹಿಸಿದವನು. ಕನ್ನಡ ಕಲಿಸಿ ಅನ್ನ ಉಣ್ಣುವವನು ಹೀಗೆ ಮಾಡಿದನೇ ಎಂದು ಓದುಗರು ನಗಬಹುದು, ನಗಲಿ. ಕಟ್ಟಡ ನೋಡಿದೆ, ಶುಲ್ಕ ವಿಚಾರಿಸಿದೆ, ಇಂಗ್ಲಿಷ್ ಎಷ್ಟು ಬೇಗ ಬಂದೀತೆಂದು ಕೇಳಿದೆ. ಮಗುವಿನ ಮಾತು ಅಲ್ಲಿ ಯಾರಿಗಾದರೂ ಅರ್ಥವಾಗುವುದೇ ಎಂದು ಮಾತ್ರ ಕೇಳಲಿಲ್ಲ. ಮನೆಯಲ್ಲಿ ಅರಳು ಹುರಿದಂತೆ ಮಾತನಾಡುತ್ತಿದ್ದವಳು ಎರಡು ತಿಂಗಳಲ್ಲಿ ಮೌನಿಯಾದಳು. ಒಂದು ಸಂಜೆ ಕೇಳಿದಳು: "ಅಪ್ಪಾ, ನೀರು ಬೇಕು ಅನ್ನೋಕೆ ಇಂಗ್ಲಿಷಲ್ಲಿ ಏನನ್ನಬೇಕು?" ದಿನವಿಡೀ ಬಾಯಾರಿ ಕುಳಿತಿದ್ದಳೆಂಬುದು ಆಗ ತಿಳಿಯಿತು.

'ಮಾಂಟೆಸ್ಸರಿ' ಎಂಬ ಫಲಕ ಕಂಡೊಡನೆ ನಾವು ಮರುಳಾಗುತ್ತೇವೆ. 1907ರಲ್ಲಿ ಆ ಮಹನೀಯೆ ತಮ್ಮ ಮೊದಲ ಮಕ್ಕಳ ಮನೆಯನ್ನು ತೆರೆದದ್ದು ರೋಮ್ ನಗರದ ಬಡ ಕೂಲಿಕಾರರ ಕೇರಿಯಲ್ಲಿ. 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿದ ಗಿಜುಭಾಯಿ ಬಧೇಕಾ ಅವರು ಮಕ್ಕಳಿಗೆ ಕಥೆ ಹೇಳಿದ್ದು ಅವರ ಮನೆಮಾತಾದ ಗುಜರಾತಿಯಲ್ಲಿ. ಟೈ ಎಲ್ಲಿಂದ ಬಂತೋ!

ಹಾಗಾದರೆ ಅಂಗನವಾಡಿ? 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆ ಯೋಜನೆ ಮೊದಲಾದಾಗ ನಮ್ಮ ಜಿಲ್ಲೆಯ ತಿರುಮಕೂಡಲು ನರಸೀಪುರವೂ ಅವುಗಳಲ್ಲೊಂದು. ಆದರೂ ಕಣ್ಣು ಮುಚ್ಚಿ ಹೊಗಳಲಾರೆ. ಊಟ ಬಡಿಸುವುದು, ತೂಕ ನೋಡುವುದು, ಮನೆಮನೆ ತಿರುಗುವುದು, ಎಲ್ಲವನ್ನೂ ಮೊಬೈಲಿಗೆ ತುಂಬುವುದು—ಇಷ್ಟೂ ಒಬ್ಬ ಕಾರ್ಯಕರ್ತೆಯ ತಲೆಯ ಮೇಲೆ. ಹಾಡಿಗೂ ಕಥೆಗೂ ಉಳಿಯುವ ಹೊತ್ತೆಷ್ಟು? ಕೇಳಬೇಕಾದವರು ನಾವು, ನಾವೋ ಮಕ್ಕಳನ್ನು ವ್ಯಾನು ಹತ್ತಿಸಿ ನಮ್ಮ ಹೊಣೆ ಮುಗಿಯಿತೆಂದುಕೊಂಡೆವು.

"ಮೇಷ್ಟ್ರೇ, ನಿಮಗೆ ಸಂಬಳ ಬರುತ್ತೆ, ನಮ್ಮ ಮಕ್ಕಳಿಗೆ ಇಂಗ್ಲಿಷ್ ಬೇಡವೇ?" ಎಂದರು ನೆರೆಯ ರೈತರೊಬ್ಬರು. ಬೇಕು. ಅವರ ಮಾತನ್ನು ನಾನು ತಳ್ಳಿಹಾಕಲಾರೆ. ಆದರೆ ತನ್ನ ನುಡಿಯಲ್ಲಿ ಹಟಮಾಡಲು, ಜಗಳವಾಡಲು, ಕಥೆ ಕಟ್ಟಲು ಕಲಿತ ಮಗುವಿಗೆ ಇನ್ನೊಂದು ನುಡಿ ಭಾರವಾಗದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಈ ವಯಸ್ಸಿಗೆ ಆಟವನ್ನೇ ಪಾಠವೆಂದು ಒಪ್ಪಿದೆ.

ಆದ್ದರಿಂದ ಸೇರಿಸುವ ಮುನ್ನ ಅರ್ಧ ಗಂಟೆ ಬಾಗಿಲಲ್ಲಿ ನಿಂತು ಆಲಿಸಿರಿ. ಹೆಚ್ಚು ಕೇಳಿಸುವುದು ಮಕ್ಕಳ ದನಿಯೋ, ಉಪಾಧ್ಯಾಯಿನಿಯದೋ? ಮೂರರ ಮಗು ಪೆನ್ಸಿಲು ಹಿಡಿದು ಪುಟ ತುಂಬಿಸುತ್ತಿದ್ದರೆ ಹಿಂದಿರುಗಿ ಬನ್ನಿರಿ. ಬಾಗಿಲಲ್ಲಿ ನಿಲ್ಲಲೇ ಬಿಡದಿದ್ದರಂತೂ ವಿಚಾರಿಸುವುದೇ ಬೇಡ.

ಮಗಳೀಗ ನಮ್ಮ ಬೀದಿಯ ಅಂಗನವಾಡಿಗೆ ಹೋಗುತ್ತಾಳೆ. ಮೊನ್ನೆ ಕರೆತರಲು ಹೋದಾಗ ನಾಲ್ಕಾರು ಮಕ್ಕಳನ್ನು ಕೂರಿಸಿಕೊಂಡು ಯಾವುದೋ ನರಿಯ ಕಥೆ ಹೇಳುತ್ತಿದ್ದಳು. ನನ್ನನ್ನು ಕಂಡು, ಇನ್ನೂ ಮುಗಿದಿಲ್ಲ, ಹೊರಗೇ ಇರು ಎಂದು ಕೈಸನ್ನೆ ಮಾಡಿದಳು. ಚಪ್ಪಲಿಗಳ ಪಕ್ಕದಲ್ಲಿ ಕಾದು ನಿಂತೆ.