ಮಳೆಗಾಲದ ಮನಸ್ಸು

ಕೊಡಗಿನ ಮಳೆಯನ್ನು ಕುರಿತು ಬರೆದವರು ಅದರ ಚೆಲುವನ್ನೇ ಹೆಚ್ಚಾಗಿ ಬಣ್ಣಿಸಿದ್ದಾರೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಇಲ್ಲಿಯೇ ಬಾಳುವೆ ಮಾಡುವವನಿಗೆ ಅದರ ಮತ್ತೊಂದು ಮುಖವೂ ಗೊತ್ತು. ಬಟ್ಟೆ ಒಣಗದು, ಬಿಸಿಲು ಕಾಣದು. ತೋಟದ ನಡುವಣ ಒಂಟಿಮನೆಯಿಂದ ನೆರೆಮನೆಗೆ ಹೋಗಬೇಕಾದರೆ ಅರ್ಧ ಮೈಲಿ ಕೆಸರು ತುಳಿಯಬೇಕು. ಮಕ್ಕಳು ಬೆಂಗಳೂರಿನಲ್ಲಿಯೋ ಪರದೇಶದಲ್ಲಿಯೋ ನೆಲಸಿದ ಮೇಲೆ ದೊಡ್ಡ ಮನೆಯಲ್ಲಿ ವೃದ್ಧ ದಂಪತಿಗಳಿಬ್ಬರೇ ಉಳಿದ ಸಂಸಾರಗಳು ನಮ್ಮಲ್ಲಿ ಎಷ್ಟೋ ಇವೆ. ಇಂಥಲ್ಲಿ ಮನಸ್ಸಿಗೂ ಬೂಸಲು ಹಿಡಿದರೆ ಆಶ್ಚರ್ಯವೇನು?

2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಮೊದಲಾದೆಡೆಗಳಲ್ಲಿ ಗುಡ್ಡಗಳು ಕುಸಿದವು. ನನ್ನ ಮನೆಗೆ ಏನೂ ಆಗಲಿಲ್ಲ. ಆದರೂ ಮರುವರ್ಷ, ರಾತ್ರಿ ಹೆಂಚಿನ ಮೇಲೆ ಮಳೆ ಬಿರುಸಾದೊಡನೆ ನಾನು ಎದ್ದು ಕುಳಿತುಕೊಳ್ಳತೊಡಗಿದೆ. ನಿದ್ದೆ ದೂರವಾಯಿತು, ತರಗತಿಯಲ್ಲಿ ಪಂಪನ ಪದ್ಯದ ನಡುವೆಯೇ ಮಾತು ನಿಂತುಹೋಗುತ್ತಿತ್ತು. ಹಿತೈಷಿಗಳು ಪೂಜೆಯನ್ನೂ ಹರಕೆಯನ್ನೂ ಸೂಚಿಸಿದರು. ಅವರ ಅಕ್ಕರೆಗೆ ನಾನು ಋಣಿ. ಆದರೆ ನನ್ನಲ್ಲಿಲ್ಲದ ಶ್ರದ್ಧೆಯನ್ನು ಸಂಕಟಕಾಲದಲ್ಲಿ ಎರವಲು ತರುವುದು ಪ್ರಾಮಾಣಿಕವೆಂದು ನನಗೆ ತೋರಲಿಲ್ಲ. ಹಾಗಾದರೆ ನಂಬಿಕೆಯಿಲ್ಲದವನ ಮನಸ್ಸಿಗೆ ನೆಮ್ಮದಿಯ ದಾರಿಯೇ ಇಲ್ಲವೆ?

ಇದೆಯೆಂದು ನನ್ನ ಅನುಭವ. ಸಂಕೋಚವನ್ನು ಬದಿಗಿಟ್ಟು ವೈದ್ಯರೊಬ್ಬರನ್ನು ಕಂಡೆ. ಅವರು ಹೇಳಿದ್ದು ತೀರ ಸಾಮಾನ್ಯವಾದ ಮಾತುಗಳು. ರಾತ್ರಿ ನಿದ್ದೆ ಬರಲಿ ಬಿಡಲಿ, ಬೆಳಿಗ್ಗೆ ಒಂದೇ ಹೊತ್ತಿಗೆ ಏಳುವುದು. ಎದ್ದೊಡನೆ ಹೊರಗಿನ ಬೆಳಕಿಗೆ ಬರುವುದು. ಮೋಡ ಕವಿದ ಹಗಲೂ ಕೋಣೆಯ ದೀಪಕ್ಕಿಂತ ಎಷ್ಟೋ ಪ್ರಖರ. ದೇಹದೊಳಗಣ ಗಡಿಯಾರ ಆ ಬೆಳಕಿನಿಂದಲೇ ಹದಕ್ಕೆ ಬರುತ್ತದೆ. ಕೊಡೆ ಹಿಡಿದಾದರೂ ಅರ್ಧ ಗಂಟೆ ನಡೆಯುವುದು. ಮನಸ್ಸನ್ನು ಕೊರೆಯುವುದನ್ನು ಕಾಗದದ ಮೇಲೆ ಇಳಿಸುವುದು. ದಿನಕ್ಕೊಬ್ಬರೊಡನೆಯಾದರೂ ಮುಖಾಮುಖಿ ಮಾತಾಡುವುದು. ಇನ್ನೊಂದು ಮಾತನ್ನೂ ಹೇಳಿದರು. ನಮ್ಮ ಜಿಲ್ಲೆಯಲ್ಲಿ ಅದು ಅಪ್ರಿಯ ಸತ್ಯವೇ ಸರಿ. ಮದ್ಯ ನಿದ್ದೆಯನ್ನು ಬೇಗ ತಂದೀತು. ಆದರೆ ಸರಿರಾತ್ರಿ ಕಳೆದ ಮೇಲೆ ಅದನ್ನು ತಾನೇ ಮುರಿಯುತ್ತದೆ.

ಅಂದಿನಿಂದ ಸಂಜೆಗೊಮ್ಮೆ ನೆರೆಯ ಬೆಳೆಗಾರರೊಬ್ಬರ ಮನೆಗೆ ಹೋಗತೊಡಗಿದೆ. ಅವರಿಗೆ ವಯಸ್ಸಾಗಿದೆ, ಕಣ್ಣು ಮಂದ. ನಾನು ಪತ್ರಿಕೆ ಓದುವೆನು. ಅವರು ಆ ದಿನ ಬಿದ್ದ ಮಳೆಯನ್ನು ಇಂಚು, ಸೆಂಟುಗಳ ಲೆಕ್ಕದಲ್ಲಿ ನನ್ನಿಂದ ಬರೆಯಿಸುವರು. ಒಂದು ದಿನ ಅವರೆಂದರು: “ಮೇಷ್ಟ್ರೇ, ಮಳೆಯನ್ನು ಅಳೆದು ಬರೆದಿಟ್ಟರೆ ಅದರ ಅರ್ಧ ಹೆದರಿಕೆ ಹೋಗುತ್ತದೆ ನೋಡಿ.” ನನ್ನ ದಿನಚರಿಯ ಪ್ರಯೋಜನ ನನಗೆ ಅರ್ಥವಾದದ್ದು ಆಗ.

ಮನಸ್ಸನ್ನು ಕುರಿತು ತಿಳಿಯಾದ ಕನ್ನಡದಲ್ಲಿ ಮಾತಾಡುವುದು ನಮಗೇನೂ ಹೊಸತಲ್ಲ. 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆಯನ್ನು ಹೊರಡಿಸಿದ ‘ರಾಶಿ’ಯವರು, ಎಂದರೆ ಡಾ. ಎಂ. ಶಿವರಾಂ, ವೃತ್ತಿಯಿಂದ ವೈದ್ಯರು. ಅವರ ‘ಮನಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಡಾ. ಸಿ. ಆರ್. ಚಂದ್ರಶೇಖರ್ ಅವರು ಹಲವು ದಶಕಗಳಿಂದ ಇದೇ ಕೆಲಸವನ್ನು ಮಾಡಿದ್ದಾರೆ. ಇಷ್ಟಾದರೂ ಜ್ವರ ಬಂದರೆ ಹಗಲಿನಲ್ಲಿ ಆಸ್ಪತ್ರೆಗೆ ಹೋಗುವ ನಾವು, ಮನಸ್ಸು ಕೆಟ್ಟರೆ ಮಾತ್ರ ಕಳ್ಳರಂತೆ ಮುಖ ಮರೆಸಿಕೊಳ್ಳುತ್ತೇವೆ. ಈ ನಾಚಿಕೆ ಮೊದಲು ಹೋಗಬೇಕು.

ನಿತ್ಯದ ಈ ಅಭ್ಯಾಸಗಳು ಔಷಧಕ್ಕೆ ಬದಲೆಂದು ನಾನು ಹೇಳುತ್ತಿಲ್ಲ. ಎರಡು ವಾರ ಕಳೆದರೂ ದುಗುಡ ಇಳಿಯದಿದ್ದರೆ ವೈದ್ಯರನ್ನು ಕಾಣಲೇಬೇಕು. ಜೀವವೇ ಬೇಡವೆನಿಸಿದರಂತೂ ಒಂದು ಗಳಿಗೆಯೂ ತಡೆಯಬಾರದು. 2022ರಲ್ಲಿ ಆರಂಭವಾದ ಸರ್ಕಾರದ ‘ಟೆಲಿ ಮಾನಸ್’ಗೆ 14416 ಸಂಖ್ಯೆಯಲ್ಲಿ ಕರೆಮಾಡಿ, ಹಣ ತೆರದೆ, ಕನ್ನಡದಲ್ಲಿಯೇ ಕಷ್ಟ ಹೇಳಿಕೊಳ್ಳಬಹುದು. ದೇವರಲ್ಲಿ ಶ್ರದ್ಧೆಯುಳ್ಳವರು ಇದಕ್ಕಾಗಿ ತಮ್ಮ ಪೂಜೆಯನ್ನು ಬಿಡಬೇಕಾಗಿಯೂ ಇಲ್ಲ. ಬೆಳಕು, ನಡಿಗೆ, ನಿದ್ದೆ, ನೆರೆಯವರ ಮಾತು, ಇವು ಆಸ್ತಿಕ ನಾಸ್ತಿಕರೆಂದು ಭೇದವೆಣಿಸುವುದಿಲ್ಲ.

ಮಳೆ ಬಿರುಸಾದಾಗ ನನಗೆ ಈಗಲೂ ಒಮ್ಮೊಮ್ಮೆ ಎಚ್ಚರವಾಗುವುದುಂಟು. ಎಷ್ಟು ಬಿತ್ತೆಂಬುದನ್ನು ನಾಳೆ ಆ ಹಿರಿಯರ ಪುಸ್ತಕದಲ್ಲಿ ಬರೆಯಬೇಕಲ್ಲ ಎಂದುಕೊಂಡು ಮಗ್ಗುಲು ಬದಲಾಯಿಸುತ್ತೇನೆ.